ವೈಫೈ ದೀಪಗಳನ್ನು ಮಲಗಿಸಿದ್ದು

ಸಾಗರದಲ್ಲಿ ನಾನಿರುವ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಬರುವುದಿಲ್ಲ. ಊರಿನ ಅಂಚು, ಹಿಂದೆ ಗುಡ್ಡ, ಮನೆ ಇರುವುದು ತಗ್ಗಿನಲ್ಲಿ. ಗೇಟಿನ ಹತ್ತಿರ ಹೋದರೆ ಒಂದು ಕಡ್ಡಿ ಕಾಣಿಸುತ್ತದೆ. ರಸ್ತೆ ದಾಟಿ ಎದುರು ಮನೆಯ ಕಾಂಪೌಂಡಿಗೆ ಒರಗಿ ನಿಂತರೆ ಮಾತಾಡುವಷ್ಟು ಸಿಗುತ್ತದೆ. ಎದುರು ಮನೆಯವರು ಒಳ್ಳೆಯವರು, ಆದರೆ ನನ್ನ ಬಿ.ಪಿ., ಶುಗರ್, ಗ್ಯಾಸಿನ ಬುಕಿಂಗ್ ಎಲ್ಲವನ್ನೂ ಅವರ ಕಾಂಪೌಂಡಿನ ಮೇಲೆ ಎಷ್ಟು ದಿನ ಅಂತ ಹರವುವುದು? ಅದಕ್ಕೇ ವೈಫೈ ಹಾಕಿಸಿದೆ. ಈಗ ಫೋನು ವೈಫೈ ಮೇಲೆಯೇ ರಿಂಗಾಗುತ್ತದೆ. ಐ ಮಸ್ಟ್ ಸೇ, ಒಳ್ಳೆಯ ಅರೇಂಜ್‌ಮೆಂಟು.

ವೈರು ಹಾಲಿನ ಕಿಟಕಿಯಿಂದ ಒಳಗೆ ಬಂತು, ಹಾಗಾಗಿ ಡಬ್ಬಿಯನ್ನೂ ಹಾಲಿನ ಗೋಡೆಗೇ ಹೊಡೆದರು. ಎರಡು ಕಿವಿಗಳ ಬಿಳಿ ಡಬ್ಬಿ, ಎದೆಯ ಮೇಲೆ ಸಾಲಾಗಿ ಹಸಿರು ದೀಪಗಳು. ಕೆಲವು ಸುಮ್ಮನೆ ಉರಿಯುತ್ತವೆ, ಒಂದೆರಡು ಯಾವಾಗಲೂ ಪಿಳಿಪಿಳಿ ಅನ್ನುತ್ತಿರುತ್ತವೆ. ಆಗ ಅದೇ ಹಾಲಿನಲ್ಲಿ ಮಂಚ ಹಾಕಿ ನನ್ನ ಓರಗಿತ್ತಿ ಮಲಗುವ ಕಾಲ ಬರುತ್ತದೆಂದು ನನಗಾಗಲಿ ವೈರು ಎಳೆದವರಿಗಾಗಲಿ ಗೊತ್ತಿರಲಿಲ್ಲ.

ಓರಗಿತ್ತಿ ಎಂದರೆ ನನ್ನ ಗಂಡನ ಹಿರಿಯ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತೇನೆ. ಹೊಸನಗರದ ಕಡೆಯ ಹಳ್ಳಿಮನೆಯಲ್ಲಿ ಮಗ ಸೊಸೆಯ ಜೊತೆ ಇದ್ದವಳು. ಸೊಂಟದ ಮೂಳೆ ಮುರಿದು ಇಲ್ಲಿ ಆಪರೇಷನ್ ಆಯಿತು. ಆ ಮನೆಗೆ ರಸ್ತೆಯಿಂದ ಮೆಟ್ಟಿಲು ಹತ್ತಿಯೇ ಹೋಗಬೇಕು. ಡಾಕ್ಟರು ಮೆಟ್ಟಿಲು ಕೂಡದು ಎಂದರು. ನಾಲ್ಕು ದಿನ ಇದ್ದು ಹೋಗಲಿ ಎಂದು ನಾನೇ ಕರೆದುಕೊಂಡು ಬಂದೆ. ನಾಲ್ಕು ದಿನ ಹೋಗಿ ಒಂದು ಮಳೆಗಾಲ ಕಳೆಯಿತು. ವಾಕರ್ ಹಿಡಿದು ಅಡುಗೆಮನೆಗೆ ಬಂದಳು. ಆಮೇಲೆ ಅಡುಗೆಮನೆಯನ್ನೇ ತನ್ನದು ಮಾಡಿಕೊಂಡಳು.

ಅವಳು ಆ ಮನೆಗೆ ಮದುವೆಯಾಗಿ ಬಂದಾಗ ನನ್ನ ಗಂಡ ಇನ್ನೂ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುವ ಹುಡುಗ. ಅವರ ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದವಳು ಇವಳು. ಸಂಜೆ ಕಾಫಿ ಕುಡಿಯುತ್ತಾ ಅವರ ಸುದ್ದಿ ಹೇಳುತ್ತಾಳೆ, ನಾನು ಕೇಳಿಲ್ಲದ ಸುದ್ದಿ. ಅಡಿಕೆ ಲಾರಿ ಹತ್ತಿ, ಮನೆಯಲ್ಲಿ ಯಾರಿಗೂ ಹೇಳದೆ, ಮಂಡಗದ್ದೆಗೆ ಹಕ್ಕಿ ನೋಡಲು ಹೋಗಿ ಮಾರನೇ ದಿನ ವಾಪಸ್ಸು ಬಂದಿದ್ದರಂತೆ. ಮಾವ ಕೋಲು ಹಿಡಿದು ನಿಂತಾಗ ಇವಳು ಹುಡುಗನನ್ನು ಸೆರಗಿನ ಹಿಂದೆ ಹಾಕಿಕೊಂಡಳಂತೆ. ಅಷ್ಟು ವರ್ಷ ನಾನೂ ಅವರೂ ಜೊತೆಗೆ ಬಾಳಿದೆವು. ತೀರ್ಥಹಳ್ಳಿಯ ಮೇಲೆ ಶಿವಮೊಗ್ಗಕ್ಕೆ ಹೋಗುವಾಗ ಬಸ್ಸು ಮಂಡಗದ್ದೆಗೆ ಬಂದ ಕೂಡಲೇ ಅವರು ಮಾತು ನಿಲ್ಲಿಸಿ ಹೊಳೆಯ ಕಡೆ ನೋಡುತ್ತಾ ಕೂತುಬಿಡುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಈಗ ಅವರಿಲ್ಲ. ಅವರನ್ನು ಚಡ್ಡಿಯಲ್ಲಿ ಕಂಡವರು ಇವಳನ್ನು ಬಿಟ್ಟರೆ ಇನ್ನು ಯಾರೂ ಉಳಿದಿಲ್ಲ. ಅಕ್ಕ ನನ್ನ ಮನೆಯಲ್ಲಿ ಇರಲೇಬೇಕು ಎಂದು ನಾನು ಹಟ ಹಿಡಿದದ್ದು ಇದಕ್ಕೆ. ಸೆಲ್ಫಿಶ್ ಅನ್ನುವವರು ಅನ್ನಲಿ.

ತೊಂದರೆ ಏನೆಂದರೆ, ಅಕ್ಕನಿಗೆ ನಿದ್ದೆ ಬರುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಕಣ್ಣು ಕೆಂಪು, ಮಾತುಮಾತಿಗೂ ಸಿಡುಕು. ಸೊಂಟದ ನೋವೇನೋ ಎಂದು ಮಾತ್ರೆ ಕೊಟ್ಟೆ. ಹಾಸಿಗೆ ಬದಲಾಯಿಸಿದೆ. ರಾತ್ರಿ ಹಾಲು ಕುಡಿಸಿದೆ. ಕೊನೆಗೆ ಒಂದು ದಿನ ಬೀನ್ಸ್ ನಾರು ತೆಗೆಯುತ್ತಾ ಅವಳೇ ಬಾಯಿಬಿಟ್ಟಳು.

"ಆ ಡಬ್ಬಿ ಇದೆಯಲ್ಲ ಮಾರಾಯ್ತಿ, ಅದು ಎದ್ದಿರ್ತದೆ. ಅದು ಎದ್ದಿದ್ರೆ ನಂಗೆ ಮಲಗಕ್ಕಾಗಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ. ಅವಳು ಆ ಮನೆಯ ಹಿರಿಯ ಸೊಸೆ. ಗೇಣಿ ಮಾಡುತ್ತಿದ್ದ ಮನೆ. ಜಮೀನು ಕೈಗೆ ಬಂದ ಮೇಲೂ ಕೆಲಸವೇನೂ ಕಡಿಮೆಯಾಗಲಿಲ್ಲ. ಅಂಗಳದಲ್ಲಿ ಅಡಿಕೆ ಸುಲಿಯುವವರ ಲಾಟೀನು, ಅಡಿಕೆ ಬೇಯಿಸುವ ಒಲೆ, ಕೊಟ್ಟಿಗೆಯ ಬುಡ್ಡಿ, ಜಗಲಿಯಲ್ಲಿ ಮಾವನ ದೀಪ, ಇವೆಲ್ಲ ಆರುವವರೆಗೆ ಹಿರಿಯ ಸೊಸೆ ಮಲಗುವ ಹಾಗಿರಲಿಲ್ಲವಂತೆ. ಎಲ್ಲಿ ಬೆಳಕು ಕಂಡರೂ ಅಲ್ಲಿ ಯಾರೋ ಎದ್ದಿದ್ದಾರೆ ಎಂದು ಅರ್ಥ. ಎದ್ದವರಿಗೆ ನೀರು ಬೇಕಾಗುತ್ತದೆ, ಕಾಫಿ ಬೇಕಾಗುತ್ತದೆ, ಎಲೆ ಅಡಿಕೆಯ ತಟ್ಟೆ ಬೇಕಾಗುತ್ತದೆ. ಕೊನೆಯ ದೀಪ ಆರಿಸಿ ಚಾಪೆಗೆ ತಲೆ ಕೊಟ್ಟರೆ ಮಾತ್ರ ಆ ದಿನ ಮುಗಿದ ಹಾಗೆ. ಅದು ಅವಳ ಮೈಗೆ ಹತ್ತಿಬಿಟ್ಟಿತ್ತು. ಇಲ್ಲಿ ನನ್ನ ಡಬ್ಬಿಯ ದಿನ ಮುಗಿಯುವುದೇ ಇಲ್ಲ.

ನಿಜ ಹೇಳಬೇಕೆಂದರೆ, ನನಗೆ ಆ ಹಸಿರು ಬೆಳಕು ಇಷ್ಟವಾಗಿತ್ತು. ಅಪ್ಪ ಹಟ ಮಾಡಿ ನನ್ನನ್ನು ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿದಾಗ ನಾನು ಸಣ್ಣವಳು. ಅಲ್ಲಿ ಬೆಲ್ ಹೊಡೆದರೆ ಲೈಟ್ಸ್ ಔಟ್. ಡಾರ್ಮಿಟರಿಯಲ್ಲಿ ಉಸಿರು ಬಿಟ್ಟರೂ ಸಿಸ್ಟರಿಗೆ ಕೇಳಿಸುತ್ತಿತ್ತು. ನನ್ನ ಮಂಚದ ಪಕ್ಕದ ಕಿಟಕಿಯಿಂದ ಚಾಪೆಲ್ಲಿನೊಳಗಿನ ಕೆಂಪು ಗಾಜಿನ ದೀಪ ಕಾಣುತ್ತಿತ್ತು. ಅದನ್ನು ಯಾವತ್ತೂ ಆರಿಸುತ್ತಿರಲಿಲ್ಲ. ನಾವು ಆ ಧರ್ಮದವರಲ್ಲ, ಅದು ಯಾಕೆ ಉರಿಯುತ್ತದೆ ಎಂದೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಯಾರೋ ಎದ್ದಿದ್ದಾರೆ, ಇನ್ನು ನಾನು ಮಲಗಬಹುದು ಎಂದುಕೊಳ್ಳುತ್ತಿದ್ದೆ. ಗಂಡ ಹೋದ ಮೇಲೆ ಬಾಗಿಲು ತೆರೆದು ಮಲಗಿದರೆ ಹಾಲಿನ ಹಸಿರು ನನ್ನ ರೂಮಿನ ನೆಲದ ಮೇಲೆ ಒಂದು ಚೂರು ಬೀಳುತ್ತಿತ್ತು. ಅದನ್ನು ನೋಡುತ್ತಾ ನಿದ್ದೆ ಹೋಗುತ್ತಿದ್ದೆ. ಒಂದೇ ದೀಪ, ನನ್ನನ್ನು ಮಲಗಿಸುತ್ತದೆ, ಅವಳನ್ನು ಎಬ್ಬಿಸುತ್ತದೆ. ಫನ್ನಿ, ಆದರೆ ನಗುವ ಹಾಗಿರಲಿಲ್ಲ.

ಸ್ವಿಚ್ ಆಫ್ ಮಾಡು ಎಂದಳು ಅಕ್ಕ. ಅದೊಂದಕ್ಕೆ ನಾನು ಒಪ್ಪಲಿಲ್ಲ. ವೈಫೈ ಹಾಕಿಸುವ ಮುಂಚೆ ಒಮ್ಮೆ ರಾತ್ರಿ ನನಗೆ ತಲೆ ಸುತ್ತಿ ಬಂದು, ಫೋನು ಹಿಡಿದು ಗೇಟಿನವರೆಗೆ ಗೋಡೆ ಸವರಿಕೊಂಡು ಹೋದದ್ದು ನೆನಪಿದೆ. ಇಬ್ಬರು ಮುದುಕಿಯರಿರುವ ಮನೆಯಲ್ಲಿ ರಾತ್ರಿ ಫೋನು ಸತ್ತಿರುವುದು ಸರಿಯಲ್ಲ ಎಂದೆ. ಡಬ್ಬಿಯನ್ನು ಬೇರೆ ಕಡೆ ಹಾಕಿಸೋಣ ಎಂದು ಕೇಬಲ್ ಆಫೀಸಿಗೆ ಹೇಳಿದರೆ ನಾಳೆ ಬರುತ್ತೇವೆ ಮೇಡಂ ಎಂದರು. ಅವರ ನಾಳೆ ಬರಲೇ ಇಲ್ಲ. ಟವೆಲ್ ಹೊದಿಸಿ ನೋಡಿದೆ. ಬೆಳಗಾಗುವಷ್ಟರಲ್ಲಿ ಡಬ್ಬಿ ಬಿಸಿಯಾಗಿ, ಟವೆಲ್ಲಿಗೆ ಇಸ್ತ್ರಿ ಮಾಡಿದ ವಾಸನೆ ಹತ್ತಿತ್ತು.

ಆಮೇಲೆ ಅಕ್ಕ ನನಗೆ ಹೇಳದೆ ತಾನೇ ಒಂದು ದಾರಿ ಹುಡುಕಿದಳು. ಊರಿನಿಂದ ತಂದಿದ್ದ ಹಿತ್ತಾಳೆಯ ತಪ್ಪಲೆ, ಕಡುಬು ಬೇಯಿಸುವುದು. ಮಲಗುವ ಮುಂಚೆ ಡಬ್ಬಿಯನ್ನು ಮೊಳೆಯಿಂದ ಬಿಡಿಸಿ, ಸ್ಟೂಲಿನ ಮೇಲೆ ಇಟ್ಟು, ತಪ್ಪಲೆಯನ್ನು ಅದರ ಮೇಲೆ ಕವುಚಿಬಿಟ್ಟಳು. ಗಾಳಿಯಾಡಲಿ ಎಂದು ಒಂದು ಮಗ್ಗುಲಿಗೆ ಸೌಟು ಕೂಡ ಇಟ್ಟಿದ್ದಳು. ಅಷ್ಟು ಜಾಗ್ರತೆ! ಬೆಳಕು ಹೋಯಿತು. ಅಕ್ಕನಿಗೆ ನಿದ್ದೆ ಬಂತು. ಹಿತ್ತಾಳೆಯೊಳಗೆ ಸಿಕ್ಕ ವೈಫೈ ಎಲ್ಲಿಂದ ಹೊರಗೆ ಬರಬೇಕು? ಅದೂ ಹೋಯಿತು.

ಅಕ್ಕನಿಗೆ ಒಬ್ಬಳು ಮಗಳು, ತೀರ್ಥಹಳ್ಳಿಯಲ್ಲಿ ಕಾಲೇಜೊಂದರ ಆಫೀಸಿನಲ್ಲಿ ಕೆಲಸ. ಬೆಳಿಗ್ಗೆ ಎದ್ದ ಕೂಡಲೇ ತಾಯಿಗೆ ಫೋನು ಮಾಡುವುದು ಅವಳ ಅಭ್ಯಾಸ. ಆ ದಿನ ನನ್ನ ಫೋನಿಗೂ ಹೋಗಲಿಲ್ಲ, ಅಕ್ಕನದಕ್ಕೂ ಹೋಗಲಿಲ್ಲ. ನಾವಿಬ್ಬರೂ ಕಡುಬಿನ ತಪ್ಪಲೆಯನ್ನು ಎತ್ತುವುದು ಮರೆತು, ನಿದ್ದೆ ಬಂದ ಸಂತೋಷಕ್ಕೆ ನಿಧಾನವಾಗಿ ತಿಂಡಿ ತಿನ್ನುತ್ತಿದ್ದೆವು. ಆ ಹುಡುಗಿ ರಜಾ ಹಾಕಿ ಸಿಕ್ಕ ಬಸ್ಸು ಹತ್ತಿ ಬಂದೇಬಿಟ್ಟಳು. ಗೇಟು ಮುಚ್ಚದೆಯೇ ಒಳಗೆ ಓಡಿ ಬಂದಳು. ನಾವು ನೆಟ್ಟಗಿರುವುದು ಕಂಡು ಮೊದಲು ಅತ್ತಳು, ಆಮೇಲೆ ಸಿಟ್ಟಾದಳು. ತಪ್ಪಲೆ ಎತ್ತಿ ಒಳಗಿನದನ್ನು ನೋಡಿದ ಮೇಲಂತೂ ಕೇಳುವುದೇ ಬೇಡ.

"ಚಿಕ್ಕಮ್ಮ, ನೀವು ಇಂಗ್ಲಿಷ್ ಓದಿದವರು, ನೀವೂ ನೋಡ್ಲಿಲ್ವಾ?" ಎಂದಳು. ತಾಯಿಯ ಕಡೆ ತಿರುಗಿ, "ಭಾನುವಾರ ಕಾರ್ ತಗೊಂಡು ಬರ್ತೀನಿ. ಬಟ್ಟೆ ತುಂಬಿಟ್ಕೊ. ನಮ್ಮನೇಲಿ ರೂಮಿದೆ, ಮೆಟ್ಲಿಲ್ಲ. ಅಲ್ಲೇ ಇರು ಇನ್ನು."

ಅಕ್ಕ ನನ್ನ ಮುಖ ನೋಡಿದಳು. ಹೋಗುವ ಮನಸ್ಸಿರಲಿಲ್ಲ, ಅದು ನನಗೆ ಗೊತ್ತು. ಆದರೆ ಅಷ್ಟು ರಾತ್ರಿ ನಿದ್ದೆಗೆಟ್ಟವಳಿಗೆ ವಾದ ಮಾಡುವ ಶಕ್ತಿ ಎಲ್ಲಿಂದ ಬರಬೇಕು? ಹೂಂ ಅಂದುಬಿಟ್ಟಳು. ಮಗಳು ಒಳ್ಳೆಯವಳು, ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಅದರಲ್ಲಿ ಎರಡು ಮಾತಿಲ್ಲ. ಅಕ್ಕ ಇಲ್ಲೇ ಉಳಿಯಬೇಕಾದರೆ ವಾದದಿಂದ ಆಗುವುದಿಲ್ಲ. ಭಾನುವಾರದೊಳಗೆ ದೀಪ ಆರಬೇಕು, ಫೋನು ಆರಬಾರದು. ಅಷ್ಟೇ ನನ್ನ ಕೈಯಲ್ಲಿದ್ದದ್ದು.

ಮೊದಲು ನನಗೆ ಹೊಳೆದದ್ದು ಬಿಂದಿ. ಗಂಡ ಹೋದ ಮೇಲೂ ನಾನು ಬಿಂದಿ ಬಿಟ್ಟವಳಲ್ಲ. ಡಬ್ಬಿಯ ಹಣೆಗೆ ಒಂದೊಂದು ದೀಪಕ್ಕೂ ಒಂದೊಂದು ಮರೂನ್ ಸ್ಟಿಕ್ಕರ್ ಅಂಟಿಸಿದೆ. ಅಕ್ಕ ನೋಡಿ, ಮುತ್ತೈದೆ ಮಾಡಿಬಿಟ್ಟೆಯಲ್ಲೇ ಇದನ್ನ ಎಂದು ಬಹಳ ದಿನಗಳ ಮೇಲೆ ನಕ್ಕಳು. ಆದರೆ ಬಿಸಿಗೆ ಅಂಟು ಕರಗಿ ಬಿಂದಿಗಳು ಜಾರಿದವು. ಜಾರದೆ ನಿಂತವುಗಳ ಸುತ್ತ ಬೆಳಕು ಸೋರುತ್ತಿತ್ತು. ಸಾಲದ್ದಕ್ಕೆ ಮಾರನೇ ದಿನ ಮಧ್ಯಾಹ್ನ ಇಂಟರ್ನೆಟ್ಟೇ ನಿಂತುಹೋಯಿತು. ಎದುರು ಮನೆಯ ಕಾಂಪೌಂಡಿಗೆ ಒರಗಿ ಕೇಬಲ್ ಆಫೀಸಿಗೆ ಫೋನು ಮಾಡಿದರೆ, ಯಾವ ಲೈಟು ಕೆಂಪಾಗಿದೆ ಮೇಡಂ ಎಂದು ಕೇಳಿದರು. ಎಲ್ಲವೂ ಮರೂನ್ ಎಂದು ಹೇಳಲಾಗುತ್ತದೆಯೇ? ಒಳಗೆ ಹೋಗಿ, ಬಿಂದಿ ಕಿತ್ತು, ನೋಡಿ, ವಾಪಸ್ಸು ಬಂದು ಹೇಳಿದೆ.

ಆ ಓಡಾಟದಲ್ಲೇ ನನಗೆ ತಿಳಿದದ್ದು: ಹಗಲು ಈ ದೀಪಗಳು ಬೇಕು, ರಾತ್ರಿ ಬೇಡ. ಮುಚ್ಚಿ ಪ್ರಯೋಜನವಿಲ್ಲ, ಡಬ್ಬಿಗೇ ಹೇಳಿಕೊಡಬೇಕು. ಬೋರ್ಡಿಂಗಿನಲ್ಲಿ ಅಷ್ಟು ಹುಡುಗಿಯರಿಗೆ ಒಂದು ಬೆಲ್ಲಿನಲ್ಲಿ ಕಲಿಸಿದ ಡಿಸಿಪ್ಲಿನ್ ಒಂದು ಡಬ್ಬಿಗೆ ಬರುವುದಿಲ್ಲವೇ?

ಡಬ್ಬಿಯನ್ನು ಮಗುಚಿ, ಪೇಪರ್ ಓದುವ ಭೂತಗನ್ನಡಿ ಹಿಡಿದು ಹಿಂದಿನ ಚೀಟಿ ಓದಿದೆ. ಅಲ್ಲಿ ಒಂದು ಅಡ್ರೆಸ್ಸು, ಬರೀ ನಂಬರುಗಳದ್ದು. ಕೆಳಗೆ ಯೂಸರ್ ನೇಮು, ಪಾಸ್‌ವರ್ಡು. ಟ್ಯಾಬಿನಲ್ಲಿ ಹೊಡೆದೆ. ತಪ್ಪು ಎಂದಿತು. ಮತ್ತೆ ಹೊಡೆದೆ. ಅಕ್ಕ ಪಕ್ಕದಲ್ಲಿ ಕೂತು, ಸಾಕು ಬಿಡು, ಕಣ್ಣು ಹಾಳು ಮಾಡ್ಕೋತೀಯ ಎನ್ನುತ್ತಿದ್ದಳು. ನಾನು ಬಿಡಲಿಲ್ಲ. ಒಳಗಿನ ಬಾಗಿಲು ತೆರೆಯಿತು. ಆಮೇಲೆ ನೋಡಿದರೆ ಅದು ಒಂದು ದೊಡ್ಡ ಆಫೀಸಿನ ಹಾಗಿದೆ, ರೂಮಿನೊಳಗೆ ರೂಮು. ಅಡ್ವಾನ್ಸ್‌ಡ್ ಎಂದು ಬರೆದ ಕಡೆ ಹೋಗಲು ಭಯವಾಯಿತು, ಆದರೂ ಹೋದೆ. ಸೆಕ್ಯುರಿಟಿಯನ್ನು ಮುಟ್ಟದೆ ದಾಟಿದೆ. ಸಿಸ್ಟಮ್ ಎಂಬಲ್ಲಿ, ಎಲ್ಲದಕ್ಕಿಂತ ಕೆಳಗೆ, ಎಲ್‌ಇಡಿ ಕಂಟ್ರೋಲ್. ಅದರೊಳಗೆ ನೈಟ್ ಮೋಡ್. ದೀಪ ಯಾವಾಗ ಆರಬೇಕು, ಯಾವಾಗ ಹತ್ತಬೇಕು, ಎರಡು ಖಾಲಿ ಜಾಗ. ರಾತ್ರಿ ಹತ್ತು ಎಂದು ಹಾಕಿದೆ, ಬೆಳಿಗ್ಗೆ ಆರು ಎಂದು ಹಾಕಿದೆ. ಸೇವ್. ಕಾಫಿ ಮಾಡಿ ಎಂದು ಅಕ್ಕನಿಗೆ ಆರ್ಡರ್ ಕೊಟ್ಟೆ.

ಮಾರನೇ ಬೆಳಿಗ್ಗೆ, ಶನಿವಾರ, ಅಕ್ಕ ಸೀರೆ ಮಡಿಸಿ ಚೀಲಕ್ಕೆ ಹಾಕುತ್ತಿದ್ದಳು. ಕಣ್ಣು ಮತ್ತೆ ಕೆಂಪು. ಹತ್ತಾಯಿತು, ಹನ್ನೊಂದಾಯಿತು, ದೀಪ ಉರಿಯುತ್ತಲೇ ಇತ್ತಂತೆ. ಬೆಳಗಿನ ಜಾವ ಮೂರು ದಾಟಿದ ಮೇಲೆ ಥಟ್ಟನೆ ಆರಿತಂತೆ. ನಾನು ಹೋಗಿ ನೋಡಿದರೆ, ಹೊರಗೆ ಬಿಸಿಲು ಬಂದಿದೆ, ಡಬ್ಬಿಯ ಮೇಲೆ ಒಂದು ದೀಪವೂ ಇಲ್ಲ. ಫೋನು ಮಾತ್ರ ನಡೆಯುತ್ತಿದೆ.

"ನಮ್ಮ ಮಾವನ ಹಂಗೇ ಆಯ್ತು ಇದು," ಎಂದಳು ಅಕ್ಕ, ಮಡಿಸುವುದು ನಿಲ್ಲಿಸದೆ. "ರಾತ್ರಿಯೆಲ್ಲ ಎದ್ದಿರೋದು, ಬೆಳಗಾದ್ರೆ ಮಲಗೋದು."

ನಾನು ತಿಂಡಿ ತಿನ್ನಲಿಲ್ಲ. ಮತ್ತೆ ಒಳಗೆ ಹೋಗಿ ನೋಡಿದರೆ ಹತ್ತು, ಆರು, ಎಲ್ಲ ಸರಿಯಾಗಿಯೇ ಇದೆ. ನಾನು ಹೇಳಿದ್ದು ಸರಿ, ಅದು ಕೇಳಿದ್ದೂ ಸರಿ. ಹಾಗಾದರೆ ತಪ್ಪು ಎಲ್ಲಿ? ಡಬ್ಬಿ ಅಷ್ಟು ಹೊತ್ತು ಸತ್ತ ಹಾಗಿದ್ದು, ಊಟದ ಹೊತ್ತು ಹತ್ತಿರ ಬಂದಾಗ ತಾನಾಗಿಯೇ ಎಲ್ಲ ದೀಪ ಹತ್ತಿಸಿಕೊಂಡು ಕೂತಿತು. ಅಂದರೆ ಅದಕ್ಕೆ ಆಗ ಬೆಳಿಗ್ಗೆ ಆರು. ನನ್ನ ಹಾಲಿನ ಗಡಿಯಾರಕ್ಕೂ ಅದರ ಗಡಿಯಾರಕ್ಕೂ ನಡುವೆ ಐದು ಗಂಟೆಗಿಂತ ಜಾಸ್ತಿ ಅಂತರ.

ಐದೂವರೆ! ಟ್ಯಾಬು ಹಿಡಿದುಕೊಂಡೇ ನಕ್ಕುಬಿಟ್ಟೆ. ಜಾಗ್ರಫಿ ಸಿಸ್ಟರ್ ಕ್ಲಾಸಿಗೆ ಗ್ಲೋಬು ತಂದು, ಕಿಟಕಿ ಮುಚ್ಚಿಸಿ, ಟಾರ್ಚಿನ ಬೆಳಕು ಬಿಟ್ಟು ತಿರುಗಿಸುತ್ತಿದ್ದರು. ಗ್ರೀನ್‌ವಿಚ್‌ನಲ್ಲಿ ಮಧ್ಯರಾತ್ರಿಯಾದರೆ ನಮಗೆ ಬೆಳಿಗ್ಗೆ ಐದೂವರೆ. ಗರ್ಲ್ಸ್, ರಿಮೆಂಬರ್, ವಿ ಆರ್ ಅಹೆಡ್ ಎನ್ನುತ್ತಿದ್ದರು. ನಮ್ಮಲ್ಲಿ ಗ್ರೀನ್‌ವಿಚ್ ನೋಡಿದವರು ಯಾರೂ ಇರಲಿಲ್ಲ, ಆದರೂ ಎಲ್ಲರೂ ಒಂದೇ ಸ್ವರದಲ್ಲಿ ಯೆಸ್ ಸಿಸ್ಟರ್ ಎನ್ನುತ್ತಿದ್ದೆವು. ನನ್ನ ಡಬ್ಬಿ ಸಾಗರದ ಗೋಡೆಯ ಮೇಲೆ ಕೂತು ಗ್ರೀನ್‌ವಿಚ್ಚಿನ ರಾತ್ರಿಗೆ ಮಲಗುತ್ತಿತ್ತು.

ಅದಕ್ಕೆ ನಾವೆಲ್ಲಿದ್ದೇವೆಂದು ಯಾರೂ ಹೇಳಿರಲಿಲ್ಲ, ಅಷ್ಟೇ. ಟೈಮ್ ಸೆಟ್ಟಿಂಗ್ಸ್ ಎಂಬ ಇನ್ನೊಂದು ರೂಮು ಹುಡುಕಿದೆ. ಪ್ರಪಂಚದ ಊರುಗಳೆಲ್ಲ ಸಾಲಾಗಿ ಕೂತಿದ್ದವು. ಚೆನ್ನೈ ಇತ್ತು, ಮುಂಬೈ ಇತ್ತು. ಸಾಗರ, ಹೊಸನಗರ ಎಲ್ಲಿರಬೇಕು ಪಾಪ. ಚೆನ್ನೈಯನ್ನೇ ಮುಟ್ಟಿದೆ. ಡಬ್ಬಿಯ ಗಡಿಯಾರ ಒಂದೇ ಸಲಕ್ಕೆ ಹಾರಿ ನನ್ನ ಗೋಡೆ ಗಡಿಯಾರದ ಪಕ್ಕ ಬಂದು ನಿಂತಿತು.

ಈ ಸಲ ರಾತ್ರಿಗೆ ಬಿಟ್ಟು ಕೂರುವ ಧೈರ್ಯವಿರಲಿಲ್ಲ. ನಾಳೆ ಭಾನುವಾರ. ಪರೀಕ್ಷೆಗೆಂದು ಆರುವ ಹೊತ್ತನ್ನು ಅದೇ ಮಧ್ಯಾಹ್ನಕ್ಕೆ, ಇನ್ನು ಸ್ವಲ್ಪ ಹೊತ್ತಿಗೆ ಹಾಕಿದೆ. ಅಕ್ಕನನ್ನು ಕರೆದು ಎದುರು ಕುರ್ಚಿಯಲ್ಲಿ ಕೂರಿಸಿದೆ. ಕಿಟಕಿಯ ಪರದೆ ಎಳೆದೆ. ಇಬ್ಬರೂ ಕೈ ಕಟ್ಟಿಕೊಂಡು, ಫೋಟೋ ತೆಗೆಸಿಕೊಳ್ಳುವವರ ಹಾಗೆ, ಡಬ್ಬಿಯನ್ನೇ ನೋಡುತ್ತಾ ಕೂತೆವು. ಗಡಿಯಾರದ ಮುಳ್ಳು ಬಂದು ಮುಟ್ಟಿತು. ದೀಪಗಳು ಎಲ್ಲವೂ ಒಟ್ಟಿಗೆ ಹೋದವು, ಸದ್ದಿಲ್ಲದೆ.

ಅಕ್ಕ ಕತ್ತು ಮುಂದೆ ಚಾಚಿ ನೋಡಿದಳು. "ಸತ್ತೋಯ್ತಾ?" ಎಂದಳು.

"ಇಲ್ಲ ಅಕ್ಕ. ಮಗಳಿಗೆ ಫೋನು ಮಾಡಿ ನೋಡಿ."

ಮಾಡಿದಳು. ಮಗಳು ಎತ್ತಿದಳು. ನಾಳೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದ್ದು ನನಗೂ ಕೇಳಿಸಿತು. ಅಕ್ಕ ಉತ್ತರ ಕೊಡದೆ, ಊಟ ಆಯ್ತಾ, ಏನು ಸಾರು ಎಂದೆಲ್ಲ ಕೇಳಿ ಇಟ್ಟಳು. ಆಮೇಲೆ ವಾಕರ್ ಹಿಡಿದು ಎದ್ದು ಹೋಗಿ ಡಬ್ಬಿಯ ಮೇಲೆ ಅಂಗೈ ಇಟ್ಟು ನೋಡಿದಳು. ಬೆಚ್ಚಗಿತ್ತು.

"ಎದ್ದೇ ಇದೆ," ಎಂದಳು. "ಆದ್ರೆ ನೀರು, ಕಾಫಿ ಏನೂ ಕೇಳಲ್ಲ ಅಂತಾಯ್ತು."

ನಾನು ಅಷ್ಟು ಇಂಗ್ಲಿಷಿನಲ್ಲಿ ಹುಡುಕಿ ಮಾಡಿದ ಕೆಲಸವನ್ನು ಅವಳು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದಳು. ಹತ್ತು ಗಂಟೆ ಎಂದು ಮತ್ತೆ ಬದಲಾಯಿಸಿದೆ. ಆ ರಾತ್ರಿ ನನ್ನ ರೂಮಿನ ನೆಲದ ಮೇಲೆ ಹಸಿರು ಚೂರು ಬೀಳಲಿಲ್ಲ. ನನಗೆ ನಿದ್ದೆ ಬರುವುದು ತಡವಾಯಿತು. ಆಗಲಿ ಎಂದುಕೊಂಡೆ. ಹಾಲಿನಿಂದ ಗೊರಕೆ ಕೇಳಿಸುತ್ತಿತ್ತು.

ಭಾನುವಾರ ಮಗಳು ಕಾರು ಮಾಡಿಕೊಂಡು ಹೊಸನಗರದ ಮೇಲೆ ಬೇಗ ಬಂದಳು. ಬಾಗಿಲು ತೆಗೆದು, ತುಟಿಯ ಮೇಲೆ ಬೆರಳಿಟ್ಟು, ಅವಳನ್ನು ಹಿತ್ತಿಲ ಕಡೆಯಿಂದ ಅಡುಗೆಮನೆಗೆ ಕರೆದುಕೊಂಡು ಹೋದೆ. ಅಮ್ಮನಿಗೆ ಹುಷಾರಿಲ್ವಾ ಎಂದು ಗಾಬರಿಯಾದಳು. ಮಲಗಿದ್ದಾರೆ ಎಂದೆ. ಈ ಹೊತ್ತಿಗಾ? ಹೌದು, ಈ ಹೊತ್ತಿಗೆ. ಅವಳಿಗೆ ನಂಬಿಕೆ ಬರಲಿಲ್ಲ. ಹುಟ್ಟಿದಾಗಿನಿಂದ ತಾಯಿ ಮಲಗಿದ್ದನ್ನು ತಾನು ನೋಡಿಯೇ ಇಲ್ಲ ಎಂದಳು. ಬಾಗಿಲ ಸಂದಿಯಿಂದ ಇಣುಕಿ ನೋಡಿ ಬಂದಳು. ಬಂದು ಮಣೆಯ ಮೇಲೆ ಕೂತು ಕಾಫಿ ಕುಡಿದಳು. ನಾನು ಟ್ಯಾಬು ತಂದು ತೋರಿಸಿದೆ. ಎರಡು ಖಾಲಿ ಜಾಗ, ಅದರಲ್ಲಿ ನಾನು ತುಂಬಿದ್ದು, ಚೆನ್ನೈ. ಅವಳು ಕೇಳಿದ್ದು ಒಂದೇ: ಕರೆಂಟು ಹೋಗಿ ಬಂದರೆ ಇದು ಮರೆತುಬಿಡುತ್ತದಾ? ಇನ್‌ವರ್ಟರಿದೆ, ಮರೆತರೂ ಮತ್ತೆ ಹೇಳಿಕೊಡುತ್ತೇನೆ ಎಂದೆ.

ಅಷ್ಟರಲ್ಲಿ ವಾಕರ್ ಸದ್ದಾಯಿತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಕೂದಲು ಕೆದರಿ, ಕೆನ್ನೆಯ ಮೇಲೆ ದಿಂಬಿನ ಗೆರೆ.

"ಎಂತಕ್ಕೆ ಎಬ್ಬಿಸ್ಲಿಲ್ಲ ನನ್ನ?" ಎಂದು ನನಗೆ ಬೈದಳು. ಮಗಳ ಕಡೆ ನೋಡಿ, "ನೀನ್ಯಾವಾಗ ಬಂದೆ?"

"ಹೋಗೋಣ್ವಾ ಅಮ್ಮ?" ಎಂದಳು ಮಗಳು. ಕೇಳಿದ ರೀತಿಯಲ್ಲೇ ಉತ್ತರ ಗೊತ್ತಿದ್ದ ಹಾಗಿತ್ತು.

ಅಕ್ಕ ಒಲೆಯ ಹತ್ತಿರ ಬಂದು, ನಾನು ಕಾಯಿಸಲು ಇಟ್ಟಿದ್ದ ಹಾಲಿನ ಉರಿ ಸಣ್ಣ ಮಾಡಿದಳು. "ಆ ಚೀಲದಾಗೆ ಅಕ್ಕಿಹಿಟ್ಟು ಕಟ್ಟಿಟ್ಟಿದೀನಿ, ನಿಂಗೆ ಅಂತ. ಅದನ್ನ ತಗಂಡ್ ಹೋಗು. ಸೀರೆ ತೆಗೆದು ಬೀರುನಾಗಿಡು. ಊಟ ಮಾಡ್ಕಂಡೇ ಹೋಗು, ಬರಿ ಹೊಟ್ಟೇಲಿ ಹೋಗ್ಬೇಡ."

ಮಗಳು ನನ್ನನ್ನು ನೋಡಿದಳು. ನಾನು ಒಲೆಯ ಮೇಲಿನ ಹಾಲಿನ ಕಡೆ ನೋಡಿದೆ. ಅವಳು ಎದ್ದು ಮಂಚವಿದ್ದ ಹಾಲಿಗೆ ಹೋದಳು. ಚೀಲದ ಜಿಪ್ ತೆಗೆದ ಸದ್ದು, ಬೀರುವಿನ ಬಾಗಿಲು ಕಿರ್ರೆಂದ ಸದ್ದು ಅಡುಗೆಮನೆಗೆ ಕೇಳಿಸಿತು. ಅಲ್ಲಿಂದಲೇ ಅವಳು, ಚಿಕ್ಕಮ್ಮ, ಮೇಲಿನ ಹಲಗೆಯಲ್ಲಿ ನಿಮ್ಮ ಸೀರೆಗಳಿವೆ, ಅಮ್ಮನದನ್ನು ಎಲ್ಲಿ ಇಡಲಿ ಎಂದು ಕೇಳಿದಳು. ನನ್ನವನ್ನು ಕೆಳಗೆ ಸರಿಸು ಎಂದೆ. ಅಕ್ಕ ಬಗ್ಗುವ ಹಾಗಿಲ್ಲ.